ತೆಳ್ಳಗಿರೋರನ್ನ ಕ್ಯಾಂಪಿನಿಂದ ವಾಪಸ್ ಕಳಿಸಬೇಡಿ: ಪುಣೆಯ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಪುಣೆ, ಪಿಂಪ್ರಿ-ಚಿಂಚ್‌ವಡ್ ಭಾಗದ ಕನ್ನಡ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಹಾಗೇ ಆರೋಗ್ಯ ಶಿಬಿರ ಅಂದ್ರೆ ಬೆಳಗ್ಗೆಯಿಂದ ಸಂಜೆವರೆಗೂ ಓಡಾಡೋ ಎಲ್ಲ ಸ್ವಯಂಸೇವಕರಿಗೆ ನಮಸ್ಕಾರ.

ರಾಜ್ಯೋತ್ಸವದ ತಯಾರಿ ಶುರುವಾಗೋಕೆ ಮುಂಚೆನೇ ಈ ಪತ್ರ ಬರೀತಿದೀನಿ. ಒಮ್ಮೆ ಬ್ಯಾನರ್ ಪ್ರಿಂಟ್ ಆಗಿ, ಸ್ಪಾನ್ಸರ್ ಫಿಕ್ಸ್ ಆದ್ಮೇಲೆ ಯಾರು ಏನು ಹೇಳಿದ್ರೂ ಬದಲಾಯ್ಸೋಕೆ ಆಗಲ್ಲ. ಕಳೆದ ವರ್ಷ ನಮ್ಮ ಕಡೆಯ ಒಂದು ಸಂಘದ ಕ್ಯಾಂಪಿಗೆ ಹೋಗಿದ್ದೆ, ಯಾವ ಸಂಘ ಅನ್ನೋದು ಇಲ್ಲಿ ಬೇಡ, ಯಾಕಂದ್ರೆ ಇದು ಒಬ್ಬರ ತಪ್ಪಲ್ಲ, ಬಹಳ ಕಡೆ ಹೀಗೇ ನಡೀತಿದೆ. ಬಿಪಿ ನೋಡಿದ್ರು, ಬೆರಳು ಚುಚ್ಚಿ ಶುಗರ್ ನೋಡಿದ್ರು, ತೂಕದ ಮಶೀನ್ ಇತ್ತು, ಎಲ್ಲ ಸರಿ. ಆಮೇಲೆ ವೇದಿಕೆ ಮೇಲೆ ತೂಕ ಇಳಿಸೋ ಸಾಮಾನು ಮಾರೋ ಒಬ್ಬರಿಗೆ ಅರ್ಧ ಗಂಟೆ ಮೈಕ್ ಕೊಟ್ಟಿದ್ರು. ಅವರು ಕೊಬ್ಬು ಅಂದ್ರೆ ದೇಹದಲ್ಲಿ ಸೇರ್ಕೊಂಡ ವಿಷ, ಈ ಬೆಲ್ಟ್ ಕಟ್ಕೊಂಡು ಕೂತ್ರೆ ಹೊಟ್ಟೆಯದು ಕರಗಿ ಬೆವರಾಗಿ ಹೊರಗೆ ಹೋಗುತ್ತೆ, ಜೊತೆಗೆ ಈ ಪುಡಿ ತಗೊಂಡ್ರೆ ಮತ್ತೆ ಸೇರಲ್ಲ ಅಂತ ಹೇಳಿ ಮಾರಾಟನೂ ಮಾಡಿ ಹೋದ್ರು, ನಮ್ಮ ಹೆಣ್ಮಕ್ಕಳು ಮನೆ ಖರ್ಚಿನ ದುಡ್ಡು ತೆಗೆದು ಕೊಟ್ರು. ಅದೇ ಹೊತ್ತಿಗೆ ಇನ್ನೊಂದು ಟೇಬಲ್ ಹತ್ರ ಹೋಟೆಲ್‌ನಲ್ಲಿ ಕೆಲಸ ಮಾಡೋ ನಾಲ್ಕೈದು ಹುಡುಗ್ರು ಬಂದು ನಿಂತಿದ್ರು, ಸಣಕಲು ಮೈ, ಅವರನ್ನ ನೋಡಿ ಅಲ್ಲಿದ್ದ ಸ್ವಯಂಸೇವಕರು ನಗುನಗ್ತಾನೇ ನಿಮಗೇನಾಗಿದೆ, ನೀವೆಲ್ಲ ಫಿಟ್ ಇದ್ದೀರಿ, ದಪ್ಪ ಇರೋರಿಗೆ ಜಾಗ ಬಿಡಿ ಅಂತ ಕಳಿಸಿಬಿಟ್ರು.

ವೇದಿಕೆ ಮೇಲೆ ಹೇಳಿದ್ದು ಸುಳ್ಳು. ಆದ್ರೆ ಟೇಬಲ್ ಹತ್ರ ಹೇಳಿದ್ದಿದೆಯಲ್ಲ, ಅದು ಒಳ್ಳೆ ಮನಸ್ಸಿಂದನೇ ಹೇಳಿದ್ದು ನಿಜ, ಆದ್ರೂ ನನ್ನ ಪ್ರಕಾರ ಅದೇ ಹೆಚ್ಚು ಅಪಾಯದ ಮಾತು. ಯಾಕೆ ಅಂತ ಹೇಳೋಕೆ ಕೊಬ್ಬಿನ ಕೋಶದ ಒಳಗೆ ಹೋಗ್ಬೇಕಾಗುತ್ತೆ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಇಲ್ಲೇ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಆಪರೇಷನ್‌ನಲ್ಲಿ ತೆಗೆದ ಚೂರುಗಳನ್ನ ಸ್ಲೈಡ್ ಮಾಡಿ ಡಾಕ್ಟರ್ ಮುಂದೆ ಇಡೋದು ನನ್ನ ಕೆಲಸ. ದೇಹದ ಎಲ್ಲಿಂದ ತೆಗೆದ ಚೂರಾಗ್ಲಿ, ಬಹಳ ಸಲ ಅದರ ಜೊತೆ ಒಂಚೂರು ಕೊಬ್ಬು ಅಂಟ್ಕೊಂಡು ಬಂದಿರುತ್ತೆ. ಅದನ್ನ ಆಲ್ಕೋಹಾಲ್‌ನಲ್ಲಿ, ಝೈಲೀನ್‌ನಲ್ಲಿ ಹಾಯಿಸಿ, ಮೇಣದಲ್ಲಿ ಕೂರಿಸಿ ಕತ್ತರಿಸೋ ಅಷ್ಟರಲ್ಲಿ ಒಳಗಿನ ಎಣ್ಣೆ ಎಲ್ಲ ಕರಗಿ ಹೋಗಿರುತ್ತೆ, ಹಾಗಾಗಿ ಮೈಕ್ರೋಸ್ಕೋಪ್‌ನಲ್ಲಿ ಕಾಣೋದು ಬರೀ ದುಂಡು ದುಂಡು ಬಿಳಿ ಜಾಗ, ಸುತ್ತ ಒಂದು ತೆಳು ಗುಲಾಬಿ ಗೆರೆ, ಆ ಗೆರೆಗೆ ಒತ್ತಿ ಚಪ್ಪಟೆ ಆಗಿರೋ ನೀಲಿ ನ್ಯೂಕ್ಲಿಯಸ್. ಅದೇ ಚೂರನ್ನ ಮೈನಸ್ 20 ಡಿಗ್ರಿ ಹತ್ರ ಹೆಪ್ಪುಗಟ್ಟಿಸಿ ಕತ್ತರಿಸಿ, ಆಯಿಲ್ ರೆಡ್ ಓ ಅನ್ನೋ ಬಣ್ಣ ಹಾಕಿದ್ರೆ ಆ ಬಿಳಿ ಜಾಗ ಇದ್ದಲ್ಲೆಲ್ಲ ದಟ್ಟ ಕೆಂಪು ತುಂಬ್ಕೊಂಡಿರುತ್ತೆ. ಇಡೀ ಕೋಶದಲ್ಲಿ ಒಂದೇ ಒಂದು ದೊಡ್ಡ ಎಣ್ಣೆ ಹನಿ, ಉಳಿದದ್ದೆಲ್ಲ ಅದರ ಸುತ್ತ ಅಂಚಿಗೆ ಸರಿದಿರುತ್ತೆ. ಚೆನ್ನಾಗಿ ತುಂಬಿದ ಕೋಶ 100 ಮೈಕ್ರಾನ್ (ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು) ದಾಟುತ್ತೆ, ನಮ್ಮ ತಲೆಕೂದಲಿನ ದಪ್ಪಕ್ಕಿಂತ ಜಾಸ್ತಿ. ಇಷ್ಟು ಅಚ್ಚುಕಟ್ಟಾಗಿ ಎಣ್ಣೆ ಕೂಡಿಡೋಕೇ ಅಂತ ಇರೋ ಕೋಶವನ್ನ ಕಸ, ವಿಷ ಅಂತ ಮೈಕಿನಲ್ಲಿ ಕೂಗೋದನ್ನ ಕೇಳಿ ನನಗೆ ನಿಜವಾಗ್ಲೂ ಸಂಕಟ ಆಯ್ತು.

ಎಣ್ಣೆ ಅಲ್ಲಿಗೆ ಹೋಗೋದು ಹೇಗೆ ಅಂತ ನೋಡಿ. ಊಟದಲ್ಲಿನ ಎಣ್ಣೆ, ತುಪ್ಪ ಸಣ್ಣ ಕರುಳಿನಲ್ಲಿ ಒಡೆದು, ಕರುಳಿನ ಕೋಶದ ಒಳಗೆ ಮತ್ತೆ ಟ್ರೈಗ್ಲಿಸರೈಡ್ (ದೇಹ ಕೂಡಿಡೋ ಕೊಬ್ಬಿನ ರೂಪ) ಆಗಿ, ಕೈಲೋಮೈಕ್ರಾನ್ ಅನ್ನೋ ಸಣ್ಣ ಸಣ್ಣ ಉಂಡೆಗಳಾಗಿ ರಕ್ತಕ್ಕೆ ಬರುತ್ತೆ. ಇದನ್ನ ನಾವು ಲ್ಯಾಬಿನಲ್ಲಿ ಕಣ್ಣಾರೆ ನೋಡ್ತೀವಿ, ಫಾಸ್ಟಿಂಗ್ ಬನ್ನಿ ಅಂದ್ರೂ ಭರ್ಜರಿ ತಿಂಡಿ ತಿಂದು ಬಂದವರ ರಕ್ತವನ್ನ ತಿರುಗಿಸಿ ಸೀರಂ ಬೇರೆ ಮಾಡಿದ್ರೆ ಕೆಲವು ಸಲ ಅದು ತಿಳಿ ಹಳದಿ ಇರೋ ಬದಲು ಬೆಳ್ಳಗೆ ಮಂದವಾಗಿರುತ್ತೆ, ಟ್ಯೂಬಿನ ಆಚೆ ಹಿಡಿದ ಬೆರಳು ಕಾಣಲ್ಲ. ಆ ಉಂಡೆ ಕೊಬ್ಬಿನ ಅಂಗಾಂಶದ ಸಣ್ಣ ರಕ್ತನಾಳಕ್ಕೆ ಬಂದಾಗ ಅಲ್ಲಿನ ಗೋಡೆ ಮೇಲೆ ಲಿಪೊಪ್ರೋಟೀನ್ ಲೈಪೇಸ್ ಅನ್ನೋ ಕಿಣ್ವ ಕಾಯ್ತಿರುತ್ತೆ, ಅದು ಟ್ರೈಗ್ಲಿಸರೈಡನ್ನ ಬಿಡಿಸಿ ಫ್ಯಾಟಿ ಆಸಿಡ್ ಮಾಡಿ ಕೋಶದ ಒಳಗೆ ಬಿಡುತ್ತೆ, ಒಳಗೆ ಹೋದ್ಮೇಲೆ ಮೂರು ಫ್ಯಾಟಿ ಆಸಿಡ್, ಒಂದು ಗ್ಲಿಸರಾಲ್ ಸೇರಿ ಮತ್ತೆ ಟ್ರೈಗ್ಲಿಸರೈಡ್ ಆಗಿ ಆ ದೊಡ್ಡ ಹನಿಗೆ ಕೂಡ್ಕೊಳ್ಳುತ್ತೆ. ಊಟ ಆದ್ಮೇಲೆ ಏರೋ ಇನ್ಸುಲಿನ್ ಈ ಕೆಲಸಕ್ಕೆ ಹಸಿರು ನಿಶಾನೆ ಕೊಡುತ್ತೆ, ಒಳಗಿಂದ ಎಣ್ಣೆ ಹೊರಗೆ ಹೋಗೋ ಬಾಗಿಲನ್ನ ಅದೇ ಹೊತ್ತಿಗೆ ಮುಚ್ಚುತ್ತೆ. ಎಣ್ಣೆ ತಿನ್ನದೇ ಇದ್ರೂ ಅಷ್ಟೇ, ಸಕ್ಕರೆ, ಅನ್ನ, ಪಾವ್ ಅಗತ್ಯಕ್ಕಿಂತ ಜಾಸ್ತಿ ಆದ್ರೆ ಒಂದು ಕಡೆ ದೇಹ ಅದನ್ನೇ ಉರಿಸ್ಕೊಂಡು ಕೊಬ್ಬನ್ನ ಮುಟ್ಟದೆ ಉಳಿಸುತ್ತೆ, ಇನ್ನೊಂದು ಕಡೆ ಲಿವರ್ ಸ್ವಲ್ಪವನ್ನ ಕೊಬ್ಬಾಗಿ ಬದಲಾಯ್ಸಿ ರಕ್ತಕ್ಕೆ ಕಳಿಸುತ್ತೆ.

ಹಸಿವಾದಾಗ, ರಾತ್ರಿ ಮಲಗಿದಾಗ, ನಡೆದಾಗ ಇನ್ಸುಲಿನ್ ಇಳಿಯುತ್ತೆ. ಆಗ ಉಲ್ಟಾ ನಡೆಯುತ್ತೆ, ಹನಿಯ ಸುತ್ತ ಕಾವಲಿರೋ ಪೆರಿಲಿಪಿನ್ ಅನ್ನೋ ಪ್ರೋಟೀನ್ ಸರಿದು ದಾರಿ ಬಿಡುತ್ತೆ, ಒಳಗಿನ ಕಿಣ್ವಗಳು ಟ್ರೈಗ್ಲಿಸರೈಡನ್ನ ಒಡೀತವೆ, ಫ್ಯಾಟಿ ಆಸಿಡ್‌ಗಳು ರಕ್ತದಲ್ಲಿರೋ ಆಲ್ಬುಮಿನ್ ಅನ್ನೋ ಪ್ರೋಟೀನಿನ ಬೆನ್ನೇರಿ ಹೃದಯಕ್ಕೆ, ಸ್ನಾಯುಗಳಿಗೆ ಹೋಗ್ತವೆ, ಗ್ಲಿಸರಾಲ್ ಲಿವರಿಗೆ ಹೋಗಿ ಗ್ಲೂಕೋಸ್ ಆಗುತ್ತೆ. ಶ್ರಾವಣ ಸೋಮವಾರಕ್ಕೋ ಏಕಾದಶಿಗೋ ಉಪವಾಸ ಇದ್ದು ಸಂಜೆವರೆಗೂ ಮನೆಗೆಲಸ ಮಾಡೋ ನಮ್ಮ ತಾಯಂದಿರ ಹೃದಯ ಮಿಡಿಯೋದು ಹೆಚ್ಚಿನ ಪಾಲು ಇದರ ಮೇಲೇ.

ಹಳ್ಳಿ ಮನೆ ನೋಡಿದವರಿಗೆ ಕಣಜ ಗೊತ್ತು. ಸುಗ್ಗಿಯಲ್ಲಿ ತುಂಬೋದು, ಬೇಸಿಗೆಯಲ್ಲಿ ತೆಗೆಯೋದು, ಕಣಜ ಗಟ್ಟಿ ಇದ್ರೆ ಕಾಳು ಹುಳ ಹಿಡಿಯಲ್ಲ. ಕೊಬ್ಬಿನ ಕೋಶ ಇರೋದೂ ಅದಕ್ಕೇ. ಮತ್ತೆ ಎಷ್ಟು ಕಡಿಮೆ ಜಾಗದಲ್ಲಿ! ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲೊರಿ, ಒಂದು ಗ್ರಾಂ ಕಾರ್ಬೋಹೈಡ್ರೇಟ್‌ನಲ್ಲಿ 4, ಅದೂ ಗ್ಲೈಕೋಜನ್ (ದೇಹ ಸಕ್ಕರೆಯನ್ನ ಕೂಡಿಡೋ ರೂಪ) ಆಗಿ ಇಟ್ರೆ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಹೊರಬೇಕು. ಲೆಕ್ಕ ಹಾಕಿ ನೋಡಿ, 10 ಕೆಜಿ ಕೊಬ್ಬಿನಲ್ಲಿರೋ ಶಕ್ತಿಯನ್ನ ಗ್ಲೈಕೋಜನ್ ಆಗಿ ಹೊತ್ಕೊಂಡು ತಿರುಗೋಕೆ ಹೋದ್ರೆ ಸುಮಾರು 90 ಕೆಜಿ ಆಗುತ್ತೆ.

ಇನ್ನು ಬೆವರಾಗಿ ಹೋಗುತ್ತೆ ಅನ್ನೋ ಮಾತು. ಬೆಲ್ಟ್ ಕಟ್ಟಿದ ಜಾಗದಲ್ಲಿ ಬೆವರೋದು ನೀರು, ಒಂದು ಚೊಂಬು ನೀರು ಕುಡಿದ್ರೆ ಆ ತೂಕ ವಾಪಸ್. ಹೊಟ್ಟೆ ಮೇಲೆ ಬೆಲ್ಟ್ ಕಟ್ಟಿದ್ರೆ ಹೊಟ್ಟೆಯದೇ ಕರಗಲಿ ಅಂತ ಕೊಬ್ಬಿಗೆ ಯಾವ ಸೂಚನೆನೂ ಹೋಗಲ್ಲ, ಎಲ್ಲಿಂದ ತೆಗೀಬೇಕು ಅನ್ನೋದು ಹಾರ್ಮೋನು, ನರಗಳ ಕೈಯಲ್ಲಿದೆ. ಕೊಬ್ಬು ನಿಜವಾಗ್ಲೂ ಉರಿದಾಗ ಅದು ಹೊರಗೆ ಹೋಗೋದು ಹೆಚ್ಚಾಗಿ ಉಸಿರಲ್ಲಿ. 2014ರಲ್ಲಿ ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್, ಆಂಡ್ರ್ಯೂ ಬ್ರೌನ್ ಇಬ್ಬರೂ ಇದರ ಲೆಕ್ಕ ಬಿಡಿಸಿ ತೋರಿಸಿದ್ರು, 10 ಕೆಜಿ ಕೊಬ್ಬು ಪೂರ್ತಿ ಉರಿದ್ರೆ 8.4 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಶ್ವಾಸಕೋಶದಿಂದ ಹೋಗುತ್ತೆ, ಉಳಿದ 1.6 ಕೆಜಿ ನೀರಾಗುತ್ತೆ. ಸಂಜೆ ಹೊತ್ತು ಸಿಂಹಗಡ ಹತ್ತೋರು ಏದುಸಿರು ಬಿಡ್ತಾರಲ್ಲ, ಕೊಬ್ಬು ಹೊರಗೆ ಹೋಗೋದು ಆ ದಾರಿಯಲ್ಲಿ.

ಇನ್ನೊಂದು ವಿಷಯ, ಇದನ್ನ ದಪ್ಪ ಇರೋರ ಪರವಾಗಿ ಹೇಳ್ಲೇಬೇಕು. 2008ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಕಿರ್ಸ್ಟಿ ಸ್ಪಾಲ್ಡಿಂಗ್ ತಂಡ ಒಂದು ಅದ್ಭುತ ಕೆಲಸ ಮಾಡ್ತು. ಐವತ್ತು, ಅರವತ್ತರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಅನ್ನೋ ವಿಕಿರಣ ಸೂಸೋ ಕಾರ್ಬನ್ ನಮ್ಮ ಡಿಎನ್ಎ ಒಳಗೂ ಕೂತಿದೆ, ಅದನ್ನ ಅಳೆದು ಕೊಬ್ಬಿನ ಕೋಶಗಳಿಗೆ ಎಷ್ಟು ವಯಸ್ಸು ಅಂತ ಕಂಡುಹಿಡಿದ್ರು. ಕೋಶಗಳ ಸಂಖ್ಯೆ ಬಾಲ್ಯ, ಹರೆಯದಲ್ಲೇ ಹೆಚ್ಚುಕಮ್ಮಿ ನಿಗದಿ ಆಗುತ್ತೆ, ಆಮೇಲೆ ವರ್ಷಕ್ಕೆ ಸುಮಾರು 10 ಪರ್ಸೆಂಟ್ ಹಳೆಯವು ಸತ್ತು ಅಷ್ಟೇ ಹೊಸವು ಹುಟ್ತವೆ, ಬಹಳ ತೂಕ ಇಳಿಸಿದವರಲ್ಲೂ ಕೋಶಗಳು ಸಣ್ಣ ಆಗ್ತವೆ ಹೊರತು ಅವುಗಳ ಸಂಖ್ಯೆ ಕಡಿಮೆ ಆಗಲ್ಲ. ಸಣ್ಣ ಆದ ಕೋಶ ಸುಮ್ನೆ ಇರಲ್ಲ ಕೂಡ. ಅದು ಲೆಪ್ಟಿನ್ ಅನ್ನೋ ಹಾರ್ಮೋನನ್ನ ಕಡಿಮೆ ಬಿಡುತ್ತೆ, ಲೆಪ್ಟಿನ್ ಇಳಿದ್ರೆ ಮೆದುಳು ಹಸಿವು ಜಾಸ್ತಿ ಮಾಡುತ್ತೆ, ಅದಕ್ಕೇ ಇಳಿಸಿದ ತೂಕ ಹಿಡಿದಿಟ್ಕೊಳ್ಳೋದು ಅಷ್ಟು ಕಷ್ಟ. ಇಷ್ಟೆಲ್ಲ ಇದ್ದೂ ಕ್ಯಾಂಪಿನಲ್ಲಿ ಒಬ್ಬ ಹೆಣ್ಮಗಳ ತೂಕವನ್ನ ನಾಲ್ಕು ಜನ ಕೇಳೋ ಹಾಗೆ ಕೂಗಿ ಹೇಳಿ, ಸ್ವಲ್ಪ ಬಾಯಿ ಕಟ್ಟಿ ಅಂತ ಉಪದೇಶ ಮಾಡೋದು ತಪ್ಪು, ಇದನ್ನ ನಿಲ್ಲಿಸ್ಲೇಬೇಕು.

ಈಗ ಆ ಸಣಕಲು ಹುಡುಗರ ವಿಷಯಕ್ಕೆ ಬರ್ತೀನಿ, ಈ ಪತ್ರ ಬರೆದಿದ್ದೇ ಅವರಿಗೋಸ್ಕರ.

ಕೊಬ್ಬು ಕೋಶದ ಒಳಗೆ ಇರೋವರೆಗೂ, ಅದರಲ್ಲೂ ಚರ್ಮದ ಕೆಳಗಿನ ಕೋಶಗಳಲ್ಲಿ ಇರೋವರೆಗೂ ಅದರ ಕಾಟ ಕಡಿಮೆ. ತೊಂದರೆ ಶುರುವಾಗೋದು ಆ ಕಣಜ ತುಂಬಿದ್ಮೇಲೆ. ಕೋಶ ಹಿಗ್ಗಿ ಹಿಗ್ಗಿ ಇನ್ನು ಆಗಲ್ಲ ಅನ್ನೋ ಹಂತಕ್ಕೆ ಬಂದಾಗ ಅಲ್ಲಿ ಉರಿಯೂತ ಶುರುವಾಗುತ್ತೆ, ಕೋಶ ಇನ್ಸುಲಿನ್‌ನ ಮಾತು ಕೇಳೋದನ್ನ ಬಿಡುತ್ತೆ, ಎಣ್ಣೆ ಸೋರುತ್ತೆ, ಸೋರಿದ್ದು ಹೊಟ್ಟೆಯೊಳಗಿನ ಅಂಗಗಳ ಸುತ್ತ, ಲಿವರಿನ ಒಳಗೆ, ಸ್ನಾಯುವಿನ ಒಳಗೆ ಹೋಗಿ ಕೂರುತ್ತೆ. ಇವು ಕೊಬ್ಬು ಕೂಡಿಡೋಕೆ ಹುಟ್ಟಿದ ಜಾಗಗಳೇ ಅಲ್ಲ. ಲಿವರ್ ಬಯಾಪ್ಸಿ ಸ್ಲೈಡಿನಲ್ಲಿ ನಾನು ಅದೇ ದುಂಡು ಬಿಳಿ ಜಾಗಗಳನ್ನ ನೋಡ್ತೀನಿ, ಇರಬಾರದ ಕಡೆ. ಇದಕ್ಕೆ ದೊಡ್ಡ ಸಾಕ್ಷಿ ಲಿಪೊಡಿಸ್ಟ್ರೋಫಿ ಅನ್ನೋ ಅಪರೂಪದ ಕಾಯಿಲೆ, ಅದರ ಒಂದು ಬಗೆಯಲ್ಲಿ ಮಕ್ಕಳು ಹುಟ್ತಾನೇ ಕೊಬ್ಬಿನ ಕೋಶ ಹೆಚ್ಚುಕಮ್ಮಿ ಇಲ್ಲದೆ ಹುಟ್ತಾರೆ, ನೋಡೋಕೆ ಮೈಯಲ್ಲಿ ಒಂಚೂರೂ ಕೊಬ್ಬಿಲ್ಲ, ಆದ್ರೆ ಲಿವರ್ ತುಂಬ ಕೊಬ್ಬು, ರಕ್ತದಲ್ಲಿ ಟ್ರೈಗ್ಲಿಸರೈಡ್ ಆಕಾಶಕ್ಕೆ, ತೀವ್ರ ಡಯಾಬಿಟೀಸ್. ಕೊಬ್ಬಿಗೆ ಇರೋಕೆ ಸರಿಯಾದ ಜಾಗ ಇಲ್ಲದಿದ್ರೆ ಹೀಗಾಗುತ್ತೆ. ಇನ್ನೊಂದು ಕಡೆಯಿಂದ ನೋಡಿದ್ರೂ ಅದೇ ಕಾಣುತ್ತೆ, 2004ರಲ್ಲಿ ಅಮೆರಿಕದಲ್ಲಿ ದಪ್ಪ ಇರೋ ಮಹಿಳೆಯರ ಹೊಟ್ಟೆಯ ಚರ್ಮದ ಕೆಳಗಿಂದ ಲೈಪೊಸಕ್ಷನ್ ಮಾಡಿ ಸುಮಾರು 10 ಕೆಜಿ ಕೊಬ್ಬು ತೆಗೆದ್ರು, ಕೆಲವು ವಾರ ಬಿಟ್ಟು ಪರೀಕ್ಷೆ ಮಾಡಿದ್ರೆ ಇನ್ಸುಲಿನ್ ಕೆಲಸದಲ್ಲಿ ಏನೂ ಸುಧಾರಣೆ ಇಲ್ಲ.

ನಮ್ಮ ಜನರ ಕಣಜನೇ ಸಣ್ಣದು ಅನ್ನೋದು ಅನೇಕ ಸಂಶೋಧಕರ ಅಭಿಪ್ರಾಯ. ದಕ್ಷಿಣ ಏಷ್ಯಾದವರಲ್ಲಿ ಚರ್ಮದ ಕೆಳಗಿನ ಜಾಗ ಬೇಗ ತುಂಬಿ ಒಳಗಡೆಗೆ ಸೋರುತ್ತೆ ಅಂತ 2007ರಲ್ಲೇ ಒಂದು ವಾದ ಮಂಡಿಸಿದ್ದಾರೆ. ಆದ್ರೆ ಇದರ ಬಗ್ಗೆ ದೊಡ್ಡ ಕೆಲಸ ನಡೆದಿರೋದು ಎಲ್ಲೋ ದೂರದಲ್ಲಲ್ಲ, ನಮ್ಮ ಪುಣೆಯ ರಾಸ್ತಾ ಪೇಠದ ಕೆಇಎಂ ಆಸ್ಪತ್ರೆಯಲ್ಲೇ. ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡ ತೊಂಬತ್ತರ ದಶಕದಿಂದ ಪುಣೆ ಹತ್ತಿರದ ಆರು ಹಳ್ಳಿಗಳ ತಾಯಂದಿರು, ಮಕ್ಕಳನ್ನ ಬಿಡದೆ ನೋಡ್ತಾ ಬಂದಿದ್ದಾರೆ. ಅಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳದು 3.5 ಕೆಜಿ. ನಮ್ಮ ಮಕ್ಕಳ ಸ್ನಾಯು, ಹೊಟ್ಟೆಯೊಳಗಿನ ಅಂಗಗಳು ಬಹಳ ಸಣ್ಣ, ಆದ್ರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಅಷ್ಟಾಗಿ ಕಡಿಮೆ ಇಲ್ಲ. ಹುಟ್ತಾನೇ ತೆಳು ಮೈ, ಒಳಗೆ ಕೊಬ್ಬು. ಅದೇ ಯಾಜ್ಞಿಕ್ ಅವರು ಲಂಡನ್ನಿನ ಡಾಕ್ಟರ್ ಜಾನ್ ಯಡ್ಕಿನ್ ಜೊತೆ ಸೇರಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿದ್ರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡೋ ಲೆಕ್ಕ) ಒಂದೇ, 22.3. ನೋಡೋಕೆ ಇಬ್ಬರೂ ತೆಳ್ಳಗೇ. ಆದ್ರೆ ಯಡ್ಕಿನ್ ದೇಹದಲ್ಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ಅವರ ದೇಹದಲ್ಲಿ 21.2 ಪರ್ಸೆಂಟ್. ತೂಕದ ಮಶೀನ್ ಈ ವ್ಯತ್ಯಾಸವನ್ನ ಎಂದಿಗೂ ಹೇಳಲ್ಲ.

ನಿಮ್ಮ ಕ್ಯಾಂಪಿನಿಂದ ವಾಪಸ್ ಹೋದ ಹುಡುಗನನ್ನ ಈಗ ಯೋಚನೆ ಮಾಡಿ. ಕುಂದಾಪುರದ ಕಡೆಯಿಂದನೋ ಇಂಡಿ, ಸಿಂದಗಿ ಕಡೆಯಿಂದನೋ ಬಂದವನು, ತಾಯಿ ಹೊಟ್ಟೆಯಲ್ಲಿದ್ದಾಗ್ಲೇ ಅರೆಹೊಟ್ಟೆ ಇದ್ದಿರಬಹುದು, ಈಗ ಹೋಟೆಲ್‌ನಲ್ಲಿ ದಿನಕ್ಕೆ ಏಳೆಂಟು ಸಲ ಸಕ್ಕರೆ ಚಹಾ, ಮಧ್ಯಾಹ್ನ ತಟ್ಟೆ ತುಂಬ ಅನ್ನ, ರಾತ್ರಿ ಹೋಟೆಲ್ ಮುಚ್ಚಿ ತೊಳೆದು ಹನ್ನೊಂದೂವರೆಗೆ ಊಟ, ಊಟ ಆದ ತಕ್ಷಣ ಮಲಗೋದು. ಇನ್ಸುಲಿನ್ ಇಳಿಯೋಕೆ ಸಿಗೋ ಹೊತ್ತು ಬಹಳ ಕಡಿಮೆ. ಕೈಕಾಲು ಕಡ್ಡಿ, ಅಂಗಿ ಒಳಗೆ ಸ್ವಲ್ಪ ಹೊಟ್ಟೆ ಮುಂದೆ ಬಂದಿರುತ್ತೆ ಅಷ್ಟೇ. ಅವನಿಗೇ ಇನ್ನಷ್ಟು ಹತ್ತಿರದಿಂದ ಪರೀಕ್ಷೆ ಬೇಕಿರೋದು, ಅವನಿಗೇ ನಾವು ಫಿಟ್ ಅಂತ ಸರ್ಟಿಫಿಕೇಟ್ ಕೊಟ್ವಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಇಂಡಿಯಾಬ್ ಅನ್ನೋ ಡಯಾಬಿಟೀಸ್ ಸರ್ವೆ 2023ರಲ್ಲಿ ದೇಶದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟೀಸ್ ಇದೆ ಅಂತ ಅಂದಾಜು ಮಾಡಿದೆ, ರಾಜ್ಯಗಳಲ್ಲಿ ಅತಿ ಹೆಚ್ಚು ಗೋವಾದಲ್ಲಿ, 26.4 ಪರ್ಸೆಂಟ್. ಅದೇ ಸರ್ವೆಯಲ್ಲಿ ಒಟ್ಟಾರೆ ಬೊಜ್ಜು ಇರೋರು 28.6 ಪರ್ಸೆಂಟ್ ಇದ್ರೆ ಹೊಟ್ಟೆ ಭಾಗದ ಬೊಜ್ಜು ಇರೋರು 39.5 ಪರ್ಸೆಂಟ್. ಅಂದ್ರೆ ಬಿಎಂಐ ಒಂದನ್ನೇ ನೋಡಿದ್ರೆ ಬಹಳ ಜನ ಕೈತಪ್ಪಿ ಹೋಗ್ತಾರೆ. ಗೋವಾದ ವಾಸ್ಕೋ, ಮಡಗಾಂವ್ ಕಡೆಯ ಕನ್ನಡ ಸಂಘದವರೂ ಇದನ್ನ ಓದ್ತಿದ್ರೆ ಈ ಪತ್ರ ನಿಮಗೂ ಅಂತ ತಿಳ್ಕೊಳ್ಳಿ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಕ್ಯಾಂಪಿನಲ್ಲಿ ತೂಕದ ಮಶೀನ್ ಪಕ್ಕ ಒಂದು ಟೇಲರ್ ಟೇಪ್ ಇಡಿ, ಬಂದ ಪ್ರತಿಯೊಬ್ಬರ ಸೊಂಟದ ಸುತ್ತಳತೆ ತಗೊಳ್ಳಿ, ಪ್ಯಾಂಟ್ ಕಟ್ಟೋ ಜಾಗದಲ್ಲಿ ಅಲ್ಲ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ, ಟೇಪ್ ಬಿಗಿಯದೆ. ನಮ್ಮವರಿಗೆ ಡಾಕ್ಟರುಗಳು ಒಪ್ಪಿರೋ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಬಿಎಂಐ ಬರೆದ್ರೆ 23 ದಾಟಿದ್ರೇ ಜಾಸ್ತಿ ತೂಕ ಅಂತ ಬರೀರಿ, ವಿದೇಶಿ ಚಾರ್ಟಿನ 25 ಬೇಡ. ಮಿತಿ ದಾಟಿದವರನ್ನ ಅಲ್ಲೇ ಡಾಕ್ಟರ್ ಹತ್ರ ಕೂರಿಸಿ, ತೆಳ್ಳಗಿದ್ರೂ ಸರಿ, ಮನೆಯಲ್ಲಿ ಯಾರಿಗಾದ್ರೂ ಶುಗರ್ ಇದೆಯಾ ಅಂತ ಕೇಳಿ, ಹೌದು ಅಂದ್ರೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) ಮಾಡ್ಸಿ, ಅದಕ್ಕೆ ಫಾಸ್ಟಿಂಗ್ ಬೇಕಿಲ್ಲ. ಅಳತೆ ಚೀಟಿಯಲ್ಲಿ ಬರೆದು ಕೈಗೆ ಕೊಡಿ, ಕೂಗಬೇಡಿ. ಬೆಲ್ಟ್, ಪುಡಿ, ಟೀ ಮಾರೋರಿಗೆ ಸ್ಟಾಲ್ ಕೊಡ್ಬೇಡಿ, ಅವರು ಕೊಡೋ ಸ್ಪಾನ್ಸರ್ ದುಡ್ಡು ಎಷ್ಟೇ ಇರ್ಲಿ. ಆ ಅರ್ಧ ಗಂಟೆ ಒಬ್ಬ ಡಾಕ್ಟರಿಗೋ ಡಯಟಿಷಿಯನ್‌ಗೋ ಕೊಟ್ಟು, ಸಂಜೆ ಊಟ ಸ್ವಲ್ಪ ಬೇಗ ಹೇಗೆ ಮಾಡೋದು, ಚಹಾದ ಸಕ್ಕರೆ ಹೇಗೆ ಇಳಿಸೋದು, ಸ್ನಾಯು ಹೇಗೆ ಗಟ್ಟಿ ಮಾಡೋದು ಅಂತ ಕನ್ನಡದಲ್ಲಿ ಹೇಳ್ಸಿ. ಹೋಟೆಲ್ ಮಾಲೀಕರು ನಿಮ್ಮ ಸಮಿತಿಗಳಲ್ಲೇ ಇದ್ದಾರಲ್ಲ, ಸ್ಟಾಫ್ ಊಟ ರಾತ್ರಿ ಒಂಬತ್ತಕ್ಕೆ ಸರದಿ ಪ್ರಕಾರ ಕೊಡೋಕೆ ಆಗುತ್ತಾ ಅಂತ ಅವರನ್ನೂ ಕೇಳಿ.

ಮತ್ತೆ ಕ್ಯಾಂಪಿನ ಟೈಮ್. ಭಾನುವಾರ ಬೆಳಗ್ಗೆ ಹತ್ತರಿಂದ ಒಂದು ಅಂದ್ರೆ ಹೋಟೆಲ್ ಹುಡುಗರಿಗೆ ರಶ್ ಹೊತ್ತು, ಬರೋಕೇ ಆಗಲ್ಲ. ವಾರದ ದಿನ ಮಧ್ಯಾಹ್ನ ಮೂರರಿಂದ ಐದೂವರೆ ಇಟ್ಕೊಳ್ಳಿ, ವಾಕಡ್, ಹಿಂಜವಡಿ ಕಡೆ ಬಿಲ್ಡಿಂಗ್ ಕೆಲಸದ ಕಲಬುರಗಿ, ಯಾದಗಿರಿ ಜನಕ್ಕೆ ಬೇರೆ ದಿನ ಸಂಜೆ ಅವರ ಸೈಟಿಗೇ ಹೋಗಿ. ಟೇಪ್ ಹಿಡಿಯೋಕೆ ನಾನು ಬರ್ತೀನಿ, ನಮ್ಮ ಲ್ಯಾಬಿನ ಇಬ್ಬರು ಗೆಳೆಯರೂ ಬರೋಕೆ ಒಪ್ಪಿದ್ದಾರೆ, ಸ್ವಯಂಸೇವಕರಿಗೆ ಅಳತೆ ತಗೊಳ್ಳೋದನ್ನ ಹಿಂದಿನ ದಿನವೇ ಕಲಿಸಿಕೊಡ್ತೀವಿ. ಮುಂದಿನ ಕಾರ್ಯಕಾರಿ ಸಮಿತಿ ಮೀಟಿಂಗ್‌ನಲ್ಲಿ ಇದನ್ನ ಅಜೆಂಡಾದಲ್ಲಿ ಹಾಕಿ, ಸ್ಪಾನ್ಸರ್ ಹತ್ರ ಮಾತಾಡೋಕೆ ಮುಂಚೆ.

ಇಂತಿ,
ಪುಣೆಯ ಒಬ್ಬ ಕನ್ನಡಿಗ ಲ್ಯಾಬ್ ಟೆಕ್ನಿಷಿಯನ್